ಭಾನುವಾರದ ಗಲ್ಲಾ ನೋಡಿ ಮೋಸ ಹೋಗಬೇಡಿ: ರಸ್ತೆ ಬದಿಯ ಪ್ರವಾಸಿ ಜಾಗವನ್ನು ನಷ್ಟದಿಂದ ಮೇಲೆತ್ತುವುದು ಹೇಗೆ

ನಮ್ಮದು ಬೇಲೂರು–ಚಿಕ್ಕಮಗಳೂರು ರಸ್ತೆಯಲ್ಲಿ ಒಂದು ಹಳೆ ಸಾಮಾನು ತೋರಿಸುವ ಮನೆ, ಸಣ್ಣ ಮ್ಯೂಸಿಯಂ ಅನ್ನಿ. ಅಜ್ಜ ಕಟ್ಟಿಸಿದ ತೊಟ್ಟಿ ಮನೆ. ಒಳಗೆ ಕಣಜ, ಒನಕೆ, ಬೀಸುವ ಕಲ್ಲು, ಕೊಳಗ, ಸೇರು, ಪಾವು, ಮಳೆಗಾಲದಲ್ಲಿ ಗದ್ದೆಗೆ ಹೋಗುವಾಗ ತಲೆಗೆ ಹಾಕುತ್ತಿದ್ದ ಗೊರಬು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋಕೆ ಕೈಯಲ್ಲಿ ತಿರುಗಿಸುವ ಪಲ್ಪರ್. ಹೊರಗೆ ಒಂದು ಎತ್ತಿನ ಗಾಡಿ, ಅದರ ಮೇಲೆ ಕೂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕಾಫಿ ಕೌಂಟರ್. 2016ರಲ್ಲಿ ಶುರು ಮಾಡಿದ್ದು.

ಮೊದಲ ಮೂರು ವರ್ಷ ನಷ್ಟ ಆಗುತ್ತಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಭಾನುವಾರ ಸಂಜೆ ಗಲ್ಲಾ ಪೆಟ್ಟಿಗೆ ಮುಚ್ಚೋಕೆ ಆಗದಷ್ಟು ತುಂಬಿರುತ್ತಿತ್ತು, ಅತ್ತಿಗೆ ನೋಟು ಎಣಿಸುತ್ತಾ ಕೂರುತ್ತಿದ್ದರು, ಅಣ್ಣ ಮುಂದಿನ ವರ್ಷ ಮೇಲೊಂದು ರೂಮು ಹಾಕಿಸೋಣ ಅನ್ನುತ್ತಿದ್ದ. ಜುಲೈ ಬಂದರೆ ಕರೆಂಟ್ ಬಿಲ್ಲಿಗೆ ಅದೇ ಅತ್ತಿಗೆಯ ಬಳೆ ಬ್ಯಾಂಕಿಗೆ ಹೋಗುತ್ತಿತ್ತು. ಆಮೇಲೆ 2020ರ ಲಾಕ್‌ಡೌನ್ ಬಂತು, ಎಲ್ಲ ಒಮ್ಮೆಗೇ ಬಯಲಾಯಿತು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ವ್ಯೂ ಪಾಯಿಂಟ್ ಇರಲಿ, ಸಣ್ಣ ಪಾರ್ಕ್ ಇರಲಿ, ಜೇನು ಸಾಕಣೆ ತೋರಿಸುವ ಜಾಗ ಇರಲಿ, ರಸ್ತೆ ಬದಿ ನಿಂತು ಗಾಡಿ ಕಾಯುವ ಎಲ್ಲರ ಕಷ್ಟವೂ ಹೆಚ್ಚುಕಮ್ಮಿ ಒಂದೇ.

ಮೊದಲು ವಾರದ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಾಕಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಆ್ಯಪ್ ಬೇಡ. ದಿನಕ್ಕೆ ಒಂದು ಸಾಲು: ತಾರೀಖು, ವಾರ, ಎಷ್ಟು ಜನ ಬಂದರು, ಟಿಕೆಟ್ ದುಡ್ಡು, ಕೌಂಟರ್ ದುಡ್ಡು, ಖರ್ಚು, ಮಳೆ ಇತ್ತಾ ಇಲ್ಲವಾ. ಸೊನ್ನೆ ಬಂದ ದಿನವನ್ನೂ ಬರೆಯಬೇಕು. ನಾವು ತಪ್ಪಿದ್ದೇ ಅಲ್ಲಿ. ಜನ ಬಂದ ದಿನ ಮಾತ್ರ ಬರೆಯುತ್ತಿದ್ದೆವು, ಬರದ ದಿನ ಬೇಜಾರಾಗಿ ಪುಸ್ತಕವನ್ನೇ ತೆಗೆಯುತ್ತಿರಲಿಲ್ಲ. ವರ್ಷದ ಕೊನೆಗೆ ನೋಡಿದರೆ ಎಲ್ಲ ಪುಟಗಳಲ್ಲೂ ಲಾಭವೇ!

ಈಗ ನಿಮ್ಮ ಜಾಗಕ್ಕೆ ಬೇಕಾದ ಒಂದು ಸಂಖ್ಯೆಯನ್ನು ಕಂಡುಹಿಡಿಯಬೇಕು. ಒಂದು ಅಂದಾಜು ಲೆಕ್ಕ ಕೊಡುತ್ತೇನೆ, ನಿಮ್ಮ ಅಂಕಿ ಹಾಕಿಕೊಳ್ಳಿ. ಯಾರೂ ಬರದಿದ್ದರೂ ತಿಂಗಳಿಗೆ ಆಗುವ ಖರ್ಚು: ಇಬ್ಬರ ಸಂಬಳ 30,000, ಸಾಲದ ಕಂತು 12,000, ಕರೆಂಟ್ 4,000, ನೀರು ಮತ್ತು ಕ್ಲೀನಿಂಗ್ 4,000, ರಿಪೇರಿ 5,000. ಒಟ್ಟು 55,000. ವರ್ಷಕ್ಕೆ 6,60,000. ಒಬ್ಬ ಪ್ರವಾಸಿಯಿಂದ ಹಾಲು, ಕಾಫಿಪುಡಿ, ಸಾಮಾನಿನ ಅಸಲು ಎಲ್ಲ ಕಳೆದು 50 ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. ಹಾಗಾದರೆ ವರ್ಷಕ್ಕೆ 13,200 ಜನ ಬರಬೇಕು. ಇಷ್ಟು ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೀವು ದುಡಿದದ್ದಕ್ಕೆ ಕೂಲಿಯೂ ಇಲ್ಲ, ಅದು ಬೇರೆ ಮಾತು.

ಶನಿವಾರ ಭಾನುವಾರ ಸೇರಿ ವರ್ಷಕ್ಕೆ 104 ದಿನ. ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆ, ಅದು ಇದು ಅಂತ ಇನ್ನೊಂದು 30 ದಿನ. ಈ 134 ದಿನ ಸರಾಸರಿ 70 ಜನ ಬಂದರೆ 9,380. ಉಳಿದ 3,820 ಜನ ಮಾಮೂಲಿ ದಿನಗಳಲ್ಲಿ ಬರಬೇಕು. ಅಂದರೆ ಮಿಕ್ಕ 231 ದಿನ ದಿನಕ್ಕೆ ಸುಮಾರು 17 ಜನ. ನಮಗೆ ಮಂಗಳವಾರ ಬರುತ್ತಿದ್ದವರು ಆರು ಜನ. ಅದರಲ್ಲಿ ಇಬ್ಬರು ದಾರಿ ಕೇಳೋಕೆ.

ಇದು ತಲೆಗೆ ಹೋದ ದಿನ ನನಗೆ ಗೊತ್ತಾಯಿತು, ನಮ್ಮನ್ನು ಮುಳುಗಿಸುತ್ತಿರುವುದು ಜನ ಇಲ್ಲದಿರುವುದಲ್ಲ, ಭಾನುವಾರದ ದುಡ್ಡನ್ನು ನಮ್ಮ ದುಡ್ಡು ಅಂದುಕೊಂಡದ್ದು. ಅದರಲ್ಲಿ ಅರ್ಧ ಮಂಗಳವಾರದ್ದು, ಇನ್ನು ಸ್ವಲ್ಪ ಜುಲೈ ತಿಂಗಳದ್ದು.

ಮಾಮೂಲಿ ದಿನ ಬಾಗಿಲು ಹಾಕಬಹುದಾ

ಹಾಕಬಹುದು, ಆದರೆ ಒಂದು ಪ್ರಶ್ನೆ ಕೇಳಿಕೊಂಡು. ಬಾಗಿಲು ಹಾಕಿದರೆ ಯಾವ ಖರ್ಚು ನಿಜವಾಗಿ ನಿಲ್ಲುತ್ತದೆ? ತಿಂಗಳ ಸಂಬಳದವರನ್ನು ಇಟ್ಟುಕೊಂಡಿದ್ದರೆ ಮುಚ್ಚಿದ ದಿನವೂ ಸಂಬಳ ಕೊಡಲೇಬೇಕು, ಸಾಲದ ಕಂತೂ ನಿಲ್ಲುವುದಿಲ್ಲ. ಆಗ ಆರು ಜನ ಬಂದರೂ 300 ರೂಪಾಯಿ ಬಂತಲ್ಲ, ತೆಗೆದಿಡಿ. ದಿನಗೂಲಿಯವರಾದರೆ ಲೆಕ್ಕ ಬೇರೆ. 500 ಕೂಲಿ ಕೊಟ್ಟು 300 ಗಳಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನಾವು ಮಾಡಿದ್ದು ಇಷ್ಟು. ಒಬ್ಬ ಕಾಯಂ ಹುಡುಗ, ಶನಿವಾರ ಭಾನುವಾರಕ್ಕೆ ಪಕ್ಕದೂರಿನ ಇಬ್ಬರು ಹೆಣ್ಣುಮಕ್ಕಳು ದಿನದ ಲೆಕ್ಕದಲ್ಲಿ. ಮಂಗಳವಾರ, ಬುಧವಾರ ಮ್ಯೂಸಿಯಂ ಬಂದ್, ಕಾಫಿ ಕೌಂಟರ್ ಮಾತ್ರ ತೆಗೆದಿರುತ್ತದೆ. ಆ ಎರಡು ದಿನ ಕಾಯಂ ಹುಡುಗ ಗೆದ್ದಲು ನೋಡುವುದು, ಮರಕ್ಕೆ ಎಣ್ಣೆ ಹಚ್ಚುವುದು ಮಾಡುತ್ತಾನೆ, ಮೊದಲು ಅದಕ್ಕೆ ಹೊರಗಿನಿಂದ ಆಳು ಕರೆಸುತ್ತಿದ್ದೆವು. ಬಂದ್ ಇರುವ ದಿನವನ್ನು ಗೂಗಲ್ ಮ್ಯಾಪ್‌ನಲ್ಲಿ ಸರಿಯಾಗಿ ಹಾಕಿ. ಮರೆತರೆ ಯಾರೋ ಬೆಂಗಳೂರಿನಿಂದ ಬಂದು, ಬೀಗ ನೋಡಿ, ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಆ ಒಂದು ಸ್ಟಾರ್ ತೊಳೆಯೋಕೆ ಆರು ತಿಂಗಳು ಬೇಕು.

ಗಾಡಿ ಯಾಕೆ ನಿಲ್ಲುತ್ತದೆ

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ನಿಮ್ಮ ಬೋರ್ಡು ಗೇಟಿಗೆ 100 ಮೀಟರ್ ಮೊದಲು ಕಂಡರೆ ಡ್ರೈವರ್‌ಗೆ ಸಿಗುವುದು ಆರು ಸೆಕೆಂಡು. ಆ ಆರು ಸೆಕೆಂಡಿನಲ್ಲಿ ಅವನು ಓದಬೇಕು, ಹೆಂಡತಿಯನ್ನು ಕೇಳಬೇಕು, ಹಿಂದಿನ ಸೀಟಿನಿಂದ ಮಕ್ಕಳು ಬೇಕು ಅನ್ನಬೇಕು, ಬ್ರೇಕ್ ಹಾಕಬೇಕು. ಆಗಲ್ಲ. ಮೊದಲ ಬೋರ್ಡು ಅರ್ಧ ಕಿಲೋಮೀಟರ್ ದೂರದಲ್ಲಿ ಇರಲಿ, ಅದರಲ್ಲಿ ಎರಡೇ ಮಾತು ಇರಲಿ. ನಮ್ಮ ಹಳೆ ಬೋರ್ಡಿನಲ್ಲಿ ಏಳು ಸಾಲು ಇತ್ತು, ಕೊನೆಗೆ 'ಒಮ್ಮೆ ಭೇಟಿ ಕೊಡಿ' ಅಂತ ಬೇರೆ. ಈಗ ದೂರದ ಬೋರ್ಡಿನಲ್ಲಿ ಇರುವುದು 'ಕಾಫಿ. ಟಾಯ್ಲೆಟ್.' ಹತ್ತಿರದ ಬೋರ್ಡಿನಲ್ಲಿ ಮನೆಯ ಚಿತ್ರ. ಬೋರ್ಡು ನಿಮ್ಮ ಜಾಗದಲ್ಲಿ, ಇಲ್ಲವೇ ಕೇಳಿಕೊಂಡು ಬೇರೆಯವರ ತೋಟದ ಬೇಲಿಯಲ್ಲಿ ಇರಲಿ. ರಸ್ತೆಯ ಜಾಗದಲ್ಲಿ ನೆಟ್ಟರೆ ಇಲಾಖೆಯವರು ಕಿತ್ತು ಹಾಕಿದಾಗ ಕೇಳುವ ಹಾಗಿಲ್ಲ.

ಟಾಯ್ಲೆಟ್ ಅಂದೆ ಅಲ್ವಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆ ಅಂದರೆ ನಾನು ಮಾಡಿದ ಖರ್ಚಿನಲ್ಲೆಲ್ಲ ನಿಜವಾಗಿ ತಿರುಗಿ ಬಂದದ್ದು ಇದೊಂದೇ. ಬೇಲೂರು ಬಿಟ್ಟ ಮೇಲೆ ಹೆಂಗಸರು, ವಯಸ್ಸಾದವರು, ಮಕ್ಕಳು ಎಲ್ಲಿಗೆ ಹೋಗಬೇಕು? ಎರಡು ಟಾಯ್ಲೆಟ್, ಬೀಗ ಸರಿಯಾಗಿ ಬೀಳುವ ಬಾಗಿಲು, ಬಕೆಟ್, ಸೋಪು, ಮೇಲೆ ಒಂದು ದೊಡ್ಡ ನೀರಿನ ಟ್ಯಾಂಕ್. ದುಡ್ಡು ಕೇಳಬೇಡಿ. ಟಿಕೆಟ್ ತಗೊಂಡವರಿಗೆ ಮಾತ್ರ ಅಂತ ಬರೆಯಲೇಬೇಡಿ. ಇಳಿದವರು ಸುಮ್ನೆ ಹತ್ತಿ ಹೋಗುವುದಿಲ್ಲ, ಅವರಿಗೇ ಒಂಥರಾ ಸಂಕೋಚ ಆಗುತ್ತದೆ, ಒಂದು ಕಾಫಿ ಕುಡಿಯುತ್ತಾರೆ. ಒಬ್ಬರು ಕಾಫಿ ಕುಡಿಯುವಾಗ ಮಕ್ಕಳು ಎತ್ತಿನ ಗಾಡಿ ಹತ್ತುತ್ತಾರೆ. ಮಕ್ಕಳು ಗಾಡಿ ಹತ್ತಿದ ಮೇಲೆ ಒಳಗೆ ಏನಿದೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಶಾಲಾ ಪ್ರವಾಸದ ಬಸ್ಸುಗಳೂ ನಿಲ್ಲುವುದು ಇದಕ್ಕೇ. ಡಿಸೆಂಬರ್ ಸುತ್ತಮುತ್ತ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮುಗಿಸಿ ಬರುವ ಬಸ್ಸಿನಲ್ಲಿ ಐವತ್ತು ಮಕ್ಕಳು, ಮೂರು ಜನ ಮೇಷ್ಟ್ರು. ಮೇಷ್ಟ್ರಿಗೆ ಬೇಕಾದದ್ದು ನೀರು, ಟಾಯ್ಲೆಟ್, ಬಸ್ಸು ತಿರುಗಿಸುವ ಜಾಗ. ಮಕ್ಕಳಿಗೆ 15 ರೂಪಾಯಿ ಟಿಕೆಟ್ ಇಟ್ಟಿದ್ದೇವೆ. ಒಬ್ಬೊಬ್ಬರಿಂದ ಬರುವುದು ಕಮ್ಮಿ, ಆದರೆ ಬರುವುದು ಬುಧವಾರ, ಗುರುವಾರ. ನಮಗೆ ಖಾಲಿ ಇರುವ ದಿನ. ಮೇಷ್ಟ್ರ ಫೋನ್ ನಂಬರ್ ಬರೆದಿಟ್ಟುಕೊಂಡು ಮುಂದಿನ ವರ್ಷ ನವೆಂಬರ್‌ನಲ್ಲಿ ನೀವೇ ಫೋನ್ ಮಾಡಿ. ಅವತ್ತು ಮ್ಯೂಸಿಯಂ ಬಂದ್ ಇದ್ದರೂ ಬಸ್ಸಿಗೆ ತೆಗೆಯಿರಿ.

ಇನ್ನು ನಿಮ್ಮ ಜಾಗ ರಸ್ತೆಯ ಯಾವ ಬದಿಗಿದೆ ನೋಡಿಕೊಳ್ಳಿ. ನಮ್ಮದು ಚಿಕ್ಕಮಗಳೂರಿನಿಂದ ಬೇಲೂರಿಗೆ ಬರುವವರ ಎಡಕ್ಕೆ. ಅಂದರೆ ಊರಿಗೆ ವಾಪಸ್ ಹೋಗುವವರ ಬದಿ. ಹೋಗುವಾಗ ಜನ ತಿಂಡಿಗೆ ನಿಲ್ಲಿಸುತ್ತಾರೆ, ವಾಪಸ್ ಬರುವಾಗ ಮನೆಗೆ ಏನಾದರೂ ಒಯ್ಯೋಣ ಅಂತ ನಿಲ್ಲಿಸುತ್ತಾರೆ. ಇದು ಗೊತ್ತಿಲ್ಲದೆ ನಾವು ಬೆಳಗ್ಗೆ ಆರಕ್ಕೆ ಎದ್ದು ಇಡ್ಲಿ ಬೇಯಿಸುತ್ತಿದ್ದೆವು, ಉಳಿದದ್ದನ್ನು ನಾವೇ ಮಧ್ಯಾಹ್ನ ತಿನ್ನುತ್ತಿದ್ದೆವು. ಇಡ್ಲಿ ನಿಲ್ಲಿಸಿ ಕಾಫಿಪುಡಿ, ಮೆಣಸು, ಏಲಕ್ಕಿ ಇಟ್ಟೆವು. ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಕೌಂಟರ್‌ನಲ್ಲಿ ಇಬ್ಬರು ಇರಲೇಬೇಕು ಅನ್ನುವುದು ಆಮೇಲೆ ಬಂದ ನಿಯಮ.

ಗಿರಿಗೆ ಹೋಗುವ ಗಾಡಿಗಳ ಟೈಮಿಂಗ್ ಕೂಡ ಬದಲಾಗಿದೆ. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆಗೆ ಆನ್‌ಲೈನ್ ಬುಕಿಂಗ್ ಬಂತು, ಬೆಳಗ್ಗೆ ಒಂದು ಸ್ಲಾಟ್, ಮಧ್ಯಾಹ್ನ ಒಂದು. ಬೆಳಗಿನ ಸ್ಲಾಟಿನವರು ನಮ್ಮನ್ನು ತಿರುಗಿಯೂ ನೋಡುವುದಿಲ್ಲ, ಗಡಿಯಾರ ನೋಡಿಕೊಂಡು ಓಡುತ್ತಾರೆ. ಮಧ್ಯಾಹ್ನದ ಸ್ಲಾಟಿನವರಿಗೆ ಮಾತ್ರ ಬೆಳಗ್ಗೆಯೆಲ್ಲ ಟೈಮ್ ಇದೆ. ಸ್ಲಾಟ್ ಸಿಗದವರಿಗಂತೂ ದಿನವಿಡೀ. ಸುತ್ತಮುತ್ತಲಿನ ಹೋಂಸ್ಟೇಗಳಿಗೆ ಹೋಗಿ ಒಂದು ಮಾತು ಹೇಳಿಬಂದೆ: ಗಿರಿ ಸಿಗದಿದ್ದರೆ ನಮ್ಮ ಕಡೆ ಕಳಿಸಿ. ಈ ಒಂದು ಮಾತಿಗೆ ಖರ್ಚಾದದ್ದು ಒಂದು ದಿನದ ಪೆಟ್ರೋಲ್. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಹೊತ್ತಿಗೆ ಕೆಲವು ದಿನ ಗಿರಿ ಕಡೆಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಆ ತಾರೀಖುಗಳನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಸಾಮಾನು ಕಮ್ಮಿ ತರಿಸಿ.

ಡ್ರೈವರ್‌ಗಳ ವಿಷಯ. "ಏನಣ್ಣ, ಡ್ರೈವರ್‌ಗೆ ಏನೂ ಇಲ್ವಾ?" ಅಂತ ಕೇಳುತ್ತಾರೆ. ಕಾಫಿ, ತಿಂಡಿ, ಫೋನ್ ಚಾರ್ಜ್ ಮಾಡೋಕೆ ಒಂದು ಪ್ಲಗ್, ಕೂರೋಕೆ ನೆರಳು, ಇಷ್ಟು ಕೊಡಿ, ಮನಸ್ಸು ತುಂಬಿ ಕೊಡಿ. ಟಿಕೆಟ್ ಮೇಲೆ ಕಮಿಷನ್ ಶುರು ಮಾಡಬೇಡಿ. ಇವತ್ತು ಹತ್ತು ಪರ್ಸೆಂಟ್, ನಾಳೆ ಪಕ್ಕದವರು ಇಪ್ಪತ್ತು ಅನ್ನುತ್ತಾರೆ, ಕೊನೆಗೆ ಆ ದುಡ್ಡು ಪ್ರವಾಸಿಯ ಜೇಬಿನಿಂದಲೇ ಬರಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ, ಅದರಿಂದ ಕೆಲವು ಟೆಂಪೊ ಟ್ರಾವೆಲರ್‌ಗಳು ನಮ್ಮ ಮುಂದೆಯೇ ಹಾದು ಹೋಗುತ್ತವೆ. ಹೋಗಲಿ.

ಟಿಕೆಟ್ ಎಷ್ಟು ಇಡಬೇಕು

ಬೇಲೂರು, ಹಳೇಬೀಡಿನ ದೇವಸ್ಥಾನ ನೋಡೋಕೆ ಟಿಕೆಟ್ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆ ಎರಡೂ ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದವು. ಅಂಥ ಕೆತ್ತನೆಯನ್ನು ಪುಕ್ಕಟೆ ನೋಡಿಕೊಂಡು ಬಂದವನ ಹತ್ತಿರ ನಾನು ನನ್ನ ಅಜ್ಜಿಯ ಒನಕೆ ನೋಡೋಕೆ ದುಡ್ಡು ಕೇಳುತ್ತಿದ್ದೇನೆ. ಈ ನಾಚಿಕೆ ಇದ್ದರೆ ಒಳ್ಳೆಯದು, ಬೆಲೆ ಇಡುವಾಗ ಕೈ ಹಿಡಿಯುತ್ತದೆ.

ನಾವು ಮೂರು ಥರ ಮಾಡಿ ನೋಡಿದೆವು. ಮೊದಲು 20 ರೂಪಾಯಿ. "ಇಪ್ಪತ್ತಾ? ಒಳಗೆ ಏನಿದೆ?" ಅಂತ ಬಾಗಿಲಲ್ಲೇ ಜಗಳ. ಆಮೇಲೆ ಪೂರ್ತಿ ಫ್ರೀ, ಬಾಗಿಲ ಹತ್ತಿರ ಹುಂಡಿ. ಹುಂಡಿಯಲ್ಲಿ ಚಿಲ್ಲರೆ ಬಿತ್ತು, ಒಳಗೆ ಎರಡು ಸೇರು ಕಾಣೆಯಾದವು. ದುಡ್ಡು ಕೊಡದೆ ಬಂದವರು ಕಾವಲಿಲ್ಲದ ಜಾಗಕ್ಕೆ ಬಂದ ಹಾಗೆ ನಡೆದುಕೊಳ್ಳುತ್ತಾರೆ, ಏನು ಮಾಡುವುದು. ಮೂರನೆಯದು 50 ರೂಪಾಯಿ, ಅದರಲ್ಲೇ ಒಂದು ಲೋಟ ಫಿಲ್ಟರ್ ಕಾಫಿ. ಇದು ನಿಂತಿತು. ಕೈಗೆ ಲೋಟ ಬರುತ್ತದೆ, ಜಗಳ ಇಲ್ಲ. ಕಾಫಿಯ ಅಸಲು 12 ರೂಪಾಯಿ ಹೋದರೆ 38 ಉಳಿಯಿತು. ಹೋಗುವಾಗ ಕೌಂಟರ್‌ನಲ್ಲಿ ಕೊಂಡದ್ದರಲ್ಲಿ ತಲೆಗೆ 12 ರೂಪಾಯಿ ಲಾಭ ಬಂದರೆ ಮೇಲೆ ಹೇಳಿದ 50 ಸರಿಹೋಯಿತು.

ಆ ಅಸಲನ್ನು ವರ್ಷಕ್ಕೆ ಎರಡು ಸಲ ಮತ್ತೆ ಲೆಕ್ಕ ಹಾಕಿ. 2024-25ರಲ್ಲಿ ಕಾಫಿ ಬೀಜದ ದರ ದಾಖಲೆ ಮುಟ್ಟಿತು, ಬೆಳೆಗಾರರಾಗಿ ಖುಷಿಪಟ್ಟೆವು, ಕೌಂಟರ್‌ನಲ್ಲಿ ಹಳೆ ಬೆಲೆಗೇ ಲೋಟ ಕೊಡುತ್ತಾ ಕೂತಿದ್ದೆವು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಸ್ವಂತ ತೋಟದ ಪುಡಿ ಅಂತ ಅದಕ್ಕೆ ಬೆಲೆ ಹಾಕದೆ ಬಿಡುವುದು ನಮ್ಮ ಕಡೆಯವರ ದೊಡ್ಡ ದಡ್ಡತನ. ಆ ಪುಡಿ ಮಾರಿದ್ದರೆ ದುಡ್ಡು ಬರುತ್ತಿತ್ತಲ್ಲ? ಹಾಗಿದ್ದರೆ ಅದು ಖರ್ಚೇ.

ಪುಡಿ ಪೊಟ್ಟಣ ಮಾರುವುದಾದರೆ ತೂಕ, ಬೆಲೆ, ತಯಾರಿಸಿದ ತಾರೀಖು, ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ ಇರಬೇಕು. ಚಿಕೋರಿ ಬೆರೆಸಿದ್ದರೆ ಎಷ್ಟು ಅಂತ ಹಾಕಲೇಬೇಕು, ಕಾಫಿ ಶೇ 51ಕ್ಕಿಂತ ಕಮ್ಮಿ ಇರುವ ಹಾಗಿಲ್ಲ. ಜೇನು ಇಡುವುದಾದರೆ ಗುರುತಿನವರಿಂದ ಮಾತ್ರ ತನ್ನಿ.

ಫೋಟೊ ಶೂಟಿಗೆ ಬೇರೆ ರೇಟು ಇಡಿ. ಮದುವೆಗೆ ಮುಂಚಿನ ಶೂಟಿಂಗ್ ಅಂತ ಬಟ್ಟೆ ಬದಲಾಯಿಸಿಕೊಂಡು ಮೂರು ಗಂಟೆ ತೊಟ್ಟಿಯಲ್ಲಿ ಕೂರುವವರಿಗೂ 50 ರೂಪಾಯಿ ಟಿಕೆಟ್ ಕೊಟ್ಟು ಕಳಿಸುತ್ತಿದ್ದೆವು. ಈಗ ಎರಡು ಗಂಟೆಗೆ 1,500, ಮಾಮೂಲಿ ದಿನ ಮಾತ್ರ, ಮುಂಚೆ ಫೋನ್ ಮಾಡಿಯೇ ಬರಬೇಕು. ಯಾರೂ ಗೊಣಗಿಲ್ಲ.

ಮಳೆಗಾಲಕ್ಕೆ ಒಂದು ಡಬ್ಬಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ನೋಡೋಕೆ ಜನ ಬರುತ್ತಾರೆ, ಇಲ್ಲ ಅನ್ನಲ್ಲ. ಆದರೆ ಕಾರಿನಿಂದ ಇಳಿಯುವುದಿಲ್ಲ. ಗಾಜು ಇಳಿಸಿ ಫೋಟೊ ತೆಗೆದು ಹೊರಟರು. ಹಾಗಾಗಿ ರಸ್ತೆಯಲ್ಲಿ ಗಾಡಿ ಜಾಸ್ತಿ ಕಂಡರೂ ಗಲ್ಲಾ ಖಾಲಿ.

ಘಟ್ಟ ಬಂದ್ ಆದರಂತೂ ಕಥೆಯೇ ಬೇರೆ. 2018ರ ಆಗಸ್ಟ್‌ನಲ್ಲಿ ಶಿರಾಡಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, 2024ರ ಜುಲೈನಲ್ಲಿ ಮತ್ತೆ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿತ. ಶಿರಾಡಿ ಬಂದ್ ಆದರೆ ಮಂಗಳೂರು ಗಾಡಿಗಳು ಚಾರ್ಮಾಡಿಗೆ ತಿರುಗುತ್ತವೆ, ಸಕಲೇಶಪುರದ ಹೋಟೆಲಿನವರು ತಲೆ ಮೇಲೆ ಕೈ ಹೊತ್ತರೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕ್ಯೂ. ನೀವು ಯಾವ ಘಟ್ಟದ ದಾರಿಯಲ್ಲಿದ್ದೀರಿ, ಅದು ಮುಚ್ಚಿದರೆ ಗಾಡಿ ಎಲ್ಲಿಗೆ ತಿರುಗುತ್ತದೆ ಅಂತ ಮೊದಲೇ ತಿಳಿದಿರಲಿ. ನಾಲ್ಕು ದಿನಕ್ಕೆ ಬಂದ ಜನ ನೋಡಿ ಫ್ರಿಡ್ಜ್ ಕೊಂಡವರನ್ನು ನೋಡಿದ್ದೇನೆ.

ಡಬ್ಬಿಯ ಲೆಕ್ಕ ಹೀಗೆ. ಮಳೆಯ ನಾಲ್ಕು ತಿಂಗಳು ತಿಂಗಳಿಗೆ 30,000 ಕಮ್ಮಿ ಬೀಳುತ್ತದೆ ಅಂದರೆ 1,20,000 ಬೇಕು. ಉಳಿದ ಎಂಟು ತಿಂಗಳಲ್ಲಿ ಕೂಡಿಸಬೇಕಾದರೆ ತಿಂಗಳಿಗೆ 15,000, ದಿನಕ್ಕೆ 500. ಇದನ್ನು ಮನೆಯಲ್ಲಿ ಇಡಬೇಡಿ. ಮನೆಯಲ್ಲಿಟ್ಟ ದುಡ್ಡಿಗೆ ಯಾರದ್ದಾದರೂ ಮದುವೆ ಬಂದೇ ಬರುತ್ತದೆ. ನಾವು ಪಿಗ್ಮಿ ಕಟ್ಟುತ್ತೇವೆ, ಅಂದರೆ ದಿನಾ ಬಾಗಿಲಿಗೇ ಬಂದು ಸ್ವಲ್ಪ ಸ್ವಲ್ಪ ದುಡ್ಡು ಕಟ್ಟಿಸಿಕೊಳ್ಳುವ ಉಳಿತಾಯ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪದ್ಧತಿ, ಈಗ ನಮ್ಮೂರ ಸೊಸೈಟಿಯಲ್ಲೂ ಇದೆ. ಸಂಜೆ ಪಿಗ್ಮಿಯವರು ಬಂದು ನಿಂತರೆ ಕೊಡದೆ ಇರೋಕೆ ಮುಖ ಇರುವುದಿಲ್ಲ. ಬಡ್ಡಿ ಹೆಚ್ಚೇನಿಲ್ಲ, ಬಿಡಿ. ಭಾನುವಾರದ ದುಡ್ಡು ಸೋಮವಾರ ಗಲ್ಲಾದಲ್ಲಿ ಇರಬಾರದು, ಅಷ್ಟೇ ನಮಗೆ ಬೇಕಾದದ್ದು.

ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಒಂದು ಸಾಲಿದೆ, ನೋಡಿ. ಲೋಡಿನ ಮೇಲೆ, ಅಂದರೆ ಎಷ್ಟು ಕಿಲೋವ್ಯಾಟ್ ಬೇಕು ಅಂತ ಬರೆಸಿದ್ದೇವೋ ಅದರ ಮೇಲೆ ಹಾಕುವುದು, ಲೈಟು ಉರಿಸದಿದ್ದರೂ ಬರುತ್ತದೆ. ನಾವು ಮೇಲೆ ರೂಮು ಹಾಕುವ ಕನಸಿನಲ್ಲಿ ಜಾಸ್ತಿ ಲೋಡ್ ತಗೊಂಡಿದ್ದೆವು. ಮೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಟ್ಟು ಇಳಿಸಿಕೊಂಡೆವು. ಹಾಸನ ಜಿಲ್ಲೆಯವರಾದರೆ ಅಲ್ಲಿನ ಕರೆಂಟ್ ಕಂಪನಿ ಸೆಸ್ಕ್‌ಗೆ ಕೊಡಬೇಕು.

ಸಾಲ: ಯಾವುದನ್ನು ಮೊದಲು ತೀರಿಸಬೇಕು

ಜಾಸ್ತಿ ಒತ್ತಾಯ ಮಾಡುವವರಿಗೆ ಮೊದಲು ಕೊಡುವುದು ನಮ್ಮ ಅಭ್ಯಾಸ. ತಪ್ಪು. ಜಾಸ್ತಿ ಬಡ್ಡಿಯದ್ದನ್ನು ಮೊದಲು ತೀರಿಸಬೇಕು. ಎಲ್ಲವನ್ನೂ ವರ್ಷದ ಬಡ್ಡಿಗೆ ತಿರುಗಿಸಿ ಒಂದು ಹಾಳೆಯಲ್ಲಿ ಬರೆಯಿರಿ. ನೂರಕ್ಕೆ ಮೂರು ರೂಪಾಯಿ ಅಂದರೆ ಕೇಳೋಕೆ ಸಣ್ಣದು, ಅದು ತಿಂಗಳ ಲೆಕ್ಕ, ವರ್ಷಕ್ಕೆ 36. ನೂರಕ್ಕೆ ಐದು ಅಂದರೆ 60. ಮೀಟರ್ ಬಡ್ಡಿಯ ಮಾತು ಆಡುವುದೇ ಬೇಡ.

ಇನ್ನೊಂದು ಮೋಸ ಫ್ಲಾಟ್ ಬಡ್ಡಿ. ಲಾಕ್‌ಡೌನ್ ಆದ ಮೇಲೆ ನಾನು ಒಂದು ಫೈನಾನ್ಸ್‌ನವರ ಹತ್ತಿರ ಒಂದು ಲಕ್ಷ ತಗೊಂಡೆ. ಶೇ 12 ಫ್ಲಾಟ್, ಮೂರು ವರ್ಷ. ಬ್ಯಾಂಕಿನ ಹಾಗೇ ಇದೆಯಲ್ಲ ಅಂದುಕೊಂಡೆ. ಮೂರು ವರ್ಷದ ಬಡ್ಡಿ 36,000 ಮೊದಲೇ ಸೇರಿಸಿ 36 ಕಂತು, ತಿಂಗಳಿಗೆ 3,778. ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಲಕ್ಷದ ಮೇಲೇ. ಬ್ಯಾಂಕಿನ ಲೆಕ್ಕದಲ್ಲಿ ನೋಡಿದರೆ ಅದು ಶೇ 21ರ ಹತ್ತಿರ. ಗೊತ್ತಾಗುವಷ್ಟರಲ್ಲಿ ಹತ್ತು ಕಂತು ಕಟ್ಟಿಯಾಗಿತ್ತು. ಒಡವೆ ಸಾಲ ಮಾಡಿ ಅದನ್ನು ತೀರಿಸಿದೆ, ಅತ್ತಿಗೆಯ ಬಳೆ ಮತ್ತೆ ಬ್ಯಾಂಕಿಗೆ. ಆದರೂ ಉಳಿತಾಯವಾಯಿತು.

ಹೊಸದಾಗಿ ಬೇಕಾದರೆ ಬ್ಯಾಂಕಿನಲ್ಲಿ ಮುದ್ರಾ ಕೇಳಿ, ಸಣ್ಣ ವ್ಯಾಪಾರದವರಿಗೆ ಕೇಂದ್ರ ಸರ್ಕಾರದ ಸಾಲ ಯೋಜನೆ. ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ, ಆಸ್ತಿ ಅಡ ಇಡಬೇಕಾಗಿಲ್ಲ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಪುಕ್ಕಟೆ ಆಗುತ್ತದೆ, ಅದಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ. ಮ್ಯಾನೇಜರ್ ಮುಂದೆ ಕೂತಾಗ ನಿಮ್ಮ ನೋಟ್‌ಬುಕ್ ತೆಗೆದು ತೋರಿಸಿ, ಸೊನ್ನೆಯ ದಿನಗಳನ್ನೂ ಸೇರಿಸಿ. ನಮ್ಮ ಮ್ಯಾನೇಜರ್ ಮಾತು ಬದಲಾದದ್ದೇ ಆ ಪುಸ್ತಕ ನೋಡಿ. ತಿಂಗಳ ಕಂತಿನ ಸಾಲದ ಬದಲು ಓವರ್‌ಡ್ರಾಫ್ಟ್ (ಓಡಿ) ಕೊಡುತ್ತಾರಾ ಕೇಳಿ. ಎಷ್ಟು ತೆಗೆದಿರಿ ಅಷ್ಟಕ್ಕೇ ಬಡ್ಡಿ, ಜನವರಿಯಲ್ಲಿ ಕಟ್ಟಿ ಜುಲೈನಲ್ಲಿ ತೆಗೆಯಬಹುದು. ಸೀಸನ್ ವ್ಯಾಪಾರಕ್ಕೆ ಅದೇ ಸರಿ.

ವಸೂಲಿಗೆ ಬಂದವರು ಬೈದರೆ, ಬಾಗಿಲಲ್ಲಿ ಕೂತರೆ ಹೆದರಬೇಡಿ. ವಿಪರೀತ ಬಡ್ಡಿ ತಡೆಯೋಕೆ 2004ರಿಂದಲೇ ರಾಜ್ಯದಲ್ಲಿ ಕಾಯ್ದೆ ಇದೆ, ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ 2025ರಲ್ಲಿ ಇನ್ನೊಂದು ಬಂತು. ಠಾಣೆಗೆ ಹೋಗಬಹುದು.

ಕಾಗದಪತ್ರ

ಬೇಜಾರಿನ ವಿಷಯ, ಬೇಗ ಮುಗಿಸುತ್ತೇನೆ. ಕೃಷಿ ಜಮೀನಿನಲ್ಲಿ ಕಟ್ಟುವುದಾದರೆ ಭೂ ಪರಿವರ್ತನೆ ಬೇಕು, 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್. ಪಂಚಾಯ್ತಿ ಲೈಸೆನ್ಸ್ ವರ್ಷ ವರ್ಷ ನೋಡಿಕೊಳ್ಳಿ. ರಸ್ತೆ ಅಗಲ ಮಾಡುವ ಗುರುತು ಎಲ್ಲಿಯವರೆಗಿದೆ ಅಂತ ವಿಚಾರಿಸದೆ ಕಾಂಪೌಂಡಿಗೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಪಾರ್ಕಿಂಗ್ ಹೋದರೆ ಜಾಗ ಹೋದಂತೆಯೇ.

ಜಿಎಸ್‌ಟಿ. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ, ಟಿಕೆಟ್, ಕಾಫಿಯಂಥ ಸೇವೆ ಸೇರಿದರೆ 20 ಲಕ್ಷ. ಇದು ಲಾಭ ಅಲ್ಲ, ವಹಿವಾಟು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆಲ್ಲ ನೋಟಿಸ್ ಬಂದಾಗ ನಮ್ಮ ಕಡೆಯೂ ಕೆಲವರು ಸ್ಕ್ಯಾನರ್ ತೆಗೆದು ಒಳಗಿಟ್ಟರು. ನಾನು ತೆಗೆಯಲಿಲ್ಲ. ಸ್ಕ್ಯಾನರ್ ಇಲ್ಲದಿದ್ದರೆ ಬೆಂಗಳೂರಿನವರು ಕಾಫಿಯನ್ನೂ ಕುಡಿಯುವುದಿಲ್ಲ. ಅದರ ಬದಲು ವ್ಯಾಪಾರಕ್ಕೆ ಬೇರೆ ಖಾತೆ ಮಾಡಿ. ಅಣ್ಣ ಕಳಿಸಿದ ದುಡ್ಡು, ಮೆಣಸು ಮಾರಿದ ದುಡ್ಡು, ಚೀಟಿ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ಮುಂದೆ ಯಾವುದು ಏನು ಅಂತ ಹೇಳೋಕೆ ನಿಮಗೇ ಆಗಲ್ಲ.

ಮುಚ್ಚುವ ಮಾತು

ಇದನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಮೇಲೆ ಹೇಳಿದ್ದೆಲ್ಲ ಮಾಡಿ ಎರಡು ಪೂರ್ತಿ ವರ್ಷ, ಅಂದರೆ ಎರಡು ಮಳೆಗಾಲ ಸೇರಿಸಿ ನೋಡಿ. ಬೇಕಾದ ಸಂಖ್ಯೆಯ ಮುಕ್ಕಾಲು ಭಾಗವೂ ಬರದಿದ್ದರೆ ಟಿಕೆಟ್ ಇಟ್ಟು ತೋರಿಸುವುದನ್ನು ನಿಲ್ಲಿಸಿ, ಕೌಂಟರ್ ಮಾತ್ರ ಇಟ್ಟುಕೊಳ್ಳಿ. ಕೌಂಟರ್ ಕೂಡ ತನ್ನ ಕೂಲಿ ತಾನು ದುಡಿಯದಿದ್ದರೆ ಅದನ್ನೂ. ಮುಚ್ಚಿದವರು ಸೋತವರು ಅನ್ನುವ ಮಾತು ಊರಲ್ಲಿ ಎರಡು ತಿಂಗಳು ಇರುತ್ತದೆ, ನಿಮ್ಮ ಸಾಲವಾದರೆ ಇಪ್ಪತ್ತು ವರ್ಷ ಇರಬಹುದು. ಮುಂದುವರಿಸೋಕೆ ಹೊಸ ಸಾಲ ಬೇಕು ಅನ್ನುವ ಹಂತ ಬಂದರೆ, ಆ ಸಾಲದಿಂದ ಯಾವ ಖರ್ಚು ನಿಲ್ಲುತ್ತದೆ ಅಥವಾ ಎಷ್ಟು ಜನ ಹೆಚ್ಚುತ್ತಾರೆ ಅಂತ ಕಾಗದದ ಮೇಲೆ ತೋರಿಸೋಕೆ ಆಗಬೇಕು. ಹಳೆ ಕಂತು ಕಟ್ಟೋಕೆ ಅಂತಾದರೆ ಬೇಡ.

ಮುಚ್ಚುವುದಾದರೆ ಮೇ ಕೊನೆಯಲ್ಲಿ ಮುಚ್ಚಿ. ಬೇಸಿಗೆ ರಜೆಯ ದುಡ್ಡು ಕೈಯಲ್ಲಿರುತ್ತದೆ, ಮಳೆಗಾಲದ ಖರ್ಚು ಇನ್ನೂ ಶುರುವಾಗಿರುವುದಿಲ್ಲ. ಕೆಲಸದವರಿಗೆ ಏಪ್ರಿಲ್‌ನಲ್ಲೇ ಹೇಳಿಬಿಡಿ, ಬೇರೆ ಕಡೆ ನೋಡಿಕೊಳ್ಳೋಕೆ ಅವರಿಗೂ ಟೈಮ್ ಬೇಕು. ಕರೆಂಟ್ ಕಮರ್ಷಿಯಲ್‌ನಿಂದ ಮನೆಯ ಮೀಟರ್‌ಗೆ ಬದಲಾಯಿಸೋಕೆ ಅರ್ಜಿ ಹಾಕಿ, ಡಿಪಾಸಿಟ್ ವಿಷಯ ಅಲ್ಲೇ ಕೇಳಿ. ಗೂಗಲ್ ಮ್ಯಾಪ್‌ನಲ್ಲಿ 'ಕಾಯಂ ಮುಚ್ಚಿದೆ' ಅಂತ ಹಾಕಿ. ರಸ್ತೆಯ ಎರಡೂ ಬದಿಯ ಬೋರ್ಡು ಇಳಿಸೋದನ್ನ ಮರೆಯಬೇಡಿ, ಇಲ್ಲದಿದ್ದರೆ ರಾತ್ರಿ ಎಂಟಕ್ಕೂ ಯಾರಾದರೂ ಟಾಯ್ಲೆಟ್ ಕೇಳಿಕೊಂಡು ಬಾಗಿಲು ತಟ್ಟುತ್ತಾರೆ.